ಐದನೇ ಗೆರೆ ಬಗ್ಗಿದೆ

ಜುಲೈ ೧, ಸೋಮವಾರ

ಮತ್ತೆ ದಿನಚರಿ ಬರೆಯಲು ಕೂತಿದ್ದೇನೆ. ಕೆಲವು ವಿಷಯಗಳನ್ನು ಯಾರಿಗೂ ಹೇಳದಿದ್ದರೆ ಹೊಟ್ಟೆಯೊಳಗೇ ಹುಳಿಯಾಗುತ್ತವೆ. ಹೇಳೋಣವೆಂದರೆ ಇವರು "ನಿನಗೆ ಎಲ್ಲರ ಮೇಲೂ ಅನುಮಾನ ಕಣೇ" ಎಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಾರೆ. ನೀರು ಸರಬರಾಜು ಆಫೀಸಿನಲ್ಲಿ ಇಡೀ ಊರಿನ ದೂರು ಕೇಳಿ ಬರುವ ಮನುಷ್ಯ, ಹೆಂಡತಿಯ ದೂರಿಗೆ ಅವರಲ್ಲಿ ಜಾಗ ಉಳಿದಿರುವುದಿಲ್ಲ.

ಇವತ್ತು ಆರನೇ ಕ್ಲಾಸಿಗೆ ಹೊಸ ಪಾಠ ಶುರು ಮಾಡಿದೆ. ಚೌಕುಳಿ ಗೆರೆಗಳ ಮೇಲೆ ಬಿಂದು ಗುರುತಿಸಿ ಆಕಾರ ಬಿಡಿಸುವುದು. ವರ್ಷವಿಡೀ ನಾನು ಕಾಯುವ ಪಾಠ ಇದು. ರಜೆಯಲ್ಲಿ ಬೋರ್ಡಿಗೆ ಕಪ್ಪು ಬಣ್ಣ ಬಳಿಸಿ, ಅರ್ಧ ಭಾಗಕ್ಕೆ ಹಳದಿ ಪೇಂಟಿನಲ್ಲಿ ಚೌಕುಳಿ ಎಳೆಸಿದ್ದಾರೆ. ಪ್ರತಿ ಸಲ ನಾನೇ ಸೀಮೆಸುಣ್ಣದಲ್ಲಿ ಗೆರೆ ಎಳೆದು ಸೋಲಬೇಕಾಗಿಲ್ಲ.

ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಅಡ್ಡಕ್ಕೆ, ಎರಡನೆಯದು ಮೇಲಕ್ಕೆ. ಮಕ್ಕಳು ಇದನ್ನೇ ತಿರುವುಮುರುವು ಮಾಡುವುದು. ಹಾಗಾಗಿ ಎಂದಿನಂತೆ "ಮೊದಲು ನಡಿ, ಆಮೇಲೆ ಹತ್ತು" ಎಂದು ಹೇಳಿಕೊಟ್ಟೆ. "(೩, ೨) ಅಂದರೆ ಮೂರು ನಡಿ, ಎರಡು ಹತ್ತು."

ಮುಂದಿನ ಬೆಂಚಿನ ಗುಬ್ಬಿ ಕೈ ಎತ್ತಿದಳು. ಹೆಸರಿಗೆ ತಕ್ಕ ಹಾಗೆ ಒಂದು ನಿಮಿಷ ಕೂತಲ್ಲಿ ಕೂರದ ಹುಡುಗಿ. "ಎರಡು ಹತ್ತು ಅಂದ್ರೆ ಇಪ್ಪತ್ತಾ ಮಿಸ್?"

ಕ್ಲಾಸೆಲ್ಲ ಗೊಳ್ಳೆಂದಿತು. ನನಗೂ ನಗು ಬಂತು, ತೋರಿಸಲಿಲ್ಲ.

ಇಷ್ಟೇ ಆಗಿದ್ದರೆ ದಿನಚರಿ ತೆರೆಯುತ್ತಿರಲಿಲ್ಲ. ಪಾಠದ ನಡುವೆ ಹೆಡ್ ಮೇಷ್ಟ್ರು ಒಬ್ಬಳನ್ನು ಕರೆದುಕೊಂಡು ಬಂದರು. ಎಳೆಯ ವಯಸ್ಸು, ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. "ಹೊಸ ಟೀಚರ್. ಸ್ವಲ್ಪ ದಿನ ನಿಮ್ಮ ಕ್ಲಾಸಲ್ಲಿ ಕೂರಲಿ ಮೇಡಂ, ನಿಮ್ಮ ಪಾಠ ನೋಡಿ ಕಲೀಲಿ" ಎಂದರು. ಗಣಿತಕ್ಕೆ ಈ ಶಾಲೆಯಲ್ಲಿ ಇರುವುದು ಒಂದೇ ಕುರ್ಚಿ. ಕಲಿತ ಮೇಲೆ ಎಲ್ಲಿ ಕೂರುತ್ತಾಳಂತೆ? ಮಕ್ಕಳು ಮಧ್ಯಾಹ್ನದೊಳಗೇ ಅವಳಿಗೆ 'ಉದ್ದ ಮಿಸ್' ಎಂದು ಹೆಸರಿಟ್ಟಾಯಿತು.

ಜುಲೈ ೩, ಬುಧವಾರ

ಪೇಂಟರ್ ಮಾಡಿರುವ ಕೆಲಸ ಇವತ್ತು ಕಣ್ಣಿಗೆ ಬಿತ್ತು. ಬೋರ್ಡಿನ ಅಂಚಿನಲ್ಲಿ ಗೆರೆಗಳು ನೆಟ್ಟಗಿವೆ, ನಡುವಿಗೆ ಬಂದರೆ ಐದನೇ ಗೆರೆ ಜೋತುಬಿದ್ದಿದೆ. ಬಟ್ಟೆ ಒಣಹಾಕಿದ ಹಗ್ಗದ ಹಾಗೆ.

ಹೆಡ್ ಮೇಷ್ಟ್ರನ್ನು ಕರೆದು ತೋರಿಸಿದೆ. ಅವರು ಹತ್ತಿರ ಹೋದರು, ದೂರ ಬಂದರು, ತಲೆ ಓರೆ ಮಾಡಿ ನೋಡಿದರು.

"ನೆಟ್ಟಗೇ ಇದೆಯಲ್ಲ ಮೇಡಂ."

"ಸರಿಯಾಗಿ ನೋಡಿ ಸರ್. ಇದರ ಮೇಲೆ ಚೌಕ ಬಿಡಿಸಿದರೆ ಕುಂಬಳಕಾಯಿ ಆಗುತ್ತೆ."

"ಆಯ್ತು, ಪೇಂಟರ್‌ಗೆ ಹೇಳ್ತೀನಿ" ಎಂದರು, ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ. ಪೇಂಟರ್ ಅವರ ಭಾವಮೈದನಿರಬೇಕು. ಇಲ್ಲದಿದ್ದರೆ ಇಷ್ಟು ಮುಚ್ಚಿಕೊಳ್ಳುವುದೇಕೆ? ನನ್ನ ಎಡಗಣ್ಣು ಹುಟ್ಟಿನಿಂದ ಮಂದ, ಅದು ಎಲ್ಲರಿಗೂ ಗೊತ್ತು. ಆದರೆ ಈ ಬಲಗಣ್ಣೊಂದರಲ್ಲೇ ಕೊನೆಯ ಬೆಂಚಿನಲ್ಲಿ ಕಾಪಿ ಹೊಡೆಯುವವರನ್ನು ಹಿಡಿಯುತ್ತ ಬಂದವಳು ನಾನು. ಬೋರ್ಡಿನ ಗೆರೆ ಕಾಣದೇ ಇರುತ್ತದೆಯೇ?

ಉದ್ದ ಮಿಸ್ ಹಿಂದಿನ ಬೆಂಚಿನಲ್ಲಿ ಕೂತು ಏನೋ ಬರೆದುಕೊಂಡಳು. ಆಗ ನಾನು ಪಾಠವನ್ನೇ ಮಾಡುತ್ತಿರಲಿಲ್ಲ. ಬರೆದುಕೊಳ್ಳುವಂಥದ್ದು ಏನಿತ್ತು?

ಜುಲೈ ೮, ಸೋಮವಾರ

ನಿನ್ನೆ ಭಾನುವಾರ ಪೇಂಟರ್ ಬಂದು ಗೆರೆಗಳನ್ನು ಮತ್ತೆ ಎಳೆದು ಹೋಗಿದ್ದಾನಂತೆ. ಹಸಿ ಪೇಂಟಿನ ವಾಸನೆಯೇನೋ ಇತ್ತು. ಬಗ್ಗಿದ್ದು ಇನ್ನಷ್ಟು ಬಗ್ಗಿದೆ. ಇನ್ನು ದೂರು ಕೊಡುವುದಿಲ್ಲ. ಬೇಕೆಂದೇ ಮಾಡುವವರಿಗೆ ಹೇಳಿ ಏನು ಪ್ರಯೋಜನ?

ಬೆಳಿಗ್ಗೆ ಲೋಟದ ಪಕ್ಕದಲ್ಲಿ ಚಹಾ ಸುರಿದೆ. ಇವರು ಲೋಟವನ್ನು ಸರಿಸಿದ್ದರು. "ನಾನು ಮುಟ್ಟೇ ಇಲ್ಲ ಕಣೇ" ಎನ್ನುತ್ತಾರೆ. ಮುಟ್ಟದೆ ಲೋಟಕ್ಕೆ ಕಾಲು ಬಂತೇ? ಅದೂ ಅಲ್ಲದೆ ಮೀಸೆಯನ್ನು ಒಂದು ಕಡೆ ಹೆಚ್ಚು ಕತ್ತರಿಸಿಕೊಂಡಿದ್ದಾರೆ. ಹೇಳಿದರೆ ಕನ್ನಡಿ ನೋಡಿಕೊಂಡು ಬಂದು, ಸರಿಯಾಗೇ ಇದೆ ಎಂದರು. ಈ ಮನೆಯಲ್ಲೂ ಯಾರೂ ಒಂದನ್ನೂ ಒಪ್ಪಿಕೊಳ್ಳುವುದಿಲ್ಲ.

ಜುಲೈ ೧೧, ಗುರುವಾರ

ಇವತ್ತು ಆಕಾರಗಳನ್ನು ಶುರು ಮಾಡಿದೆ. (೨, ೧), (೨, ೫), (೫, ೮), (೮, ೫), (೮, ೧). ಇವನ್ನು ಸೇರಿಸಿದರೆ ಮನೆಯಾಗುತ್ತದೆ. ಎಷ್ಟು ವರ್ಷದಿಂದ ಬಿಡಿಸುತ್ತಿರುವ ಮನೆ! ಗೋಡೆಗಳನ್ನು ಎಬ್ಬಿಸಿ, ಸೂರಿನ ತುದಿಯ ಬಿಂದು ಇಟ್ಟೆ, ಗೆರೆ ಎಳೆದೆ. ಹಿಂದಿನಿಂದ ಪಿಸಪಿಸ ಶುರುವಾಯಿತು.

"ಮಿಸ್, ಐದು ನಡೀಬೇಕಿತ್ತು. ನೀವು ಆರು ನಡೆದ್ರಿ" ಎಂದಳು ಗುಬ್ಬಿ.

"ಐದೇ ನಡೆದಿರೋದು. ಕೂತ್ಕೊ."

"ಇಲ್ಲ ಮಿಸ್, ಮನೆ ವಾಲಿದೆ."

"ಗಾಳಿ ಜೋರಾಗಿದೆ ಕಣೇ" ಎಂದ ಇನ್ಯಾವನೋ. ನಗು. ಈ ಕ್ಲಾಸು ನನ್ನನ್ನು ನೋಡಿ ಹೀಗೆ ನಕ್ಕಿರಲಿಲ್ಲ. ನನ್ನ ಜೊತೆ ನಗುತ್ತಿತ್ತು, ಆ ಮಾತು ಬೇರೆ.

ಊಟದ ನಂತರ ಬಂದು ನೋಡಿದರೆ, ಸೂರಿನ ತುದಿಯನ್ನು ಯಾರೋ ಒರೆಸಿ ಪಕ್ಕಕ್ಕೆ ಇಟ್ಟು ಹೊಸದಾಗಿ ಗೆರೆ ಎಳೆದಿದ್ದಾರೆ. ಒರೆಸಿದ ಗುರುತು ಹಾಗೇ ಇದೆ. ಊಟದ ಹೊತ್ತಿನಲ್ಲಿ ಕ್ಲಾಸಿನಲ್ಲೇ ಇದ್ದವಳು ಯಾರು? ಉದ್ದ ಮಿಸ್. ನಾನು ತಪ್ಪು ಮಾಡುತ್ತೇನೆ, ಅವಳು ತಿದ್ದುತ್ತಾಳೆ ಎಂದು ಮಕ್ಕಳ ಮುಂದೆ ಸಾಬೀತಾಗಬೇಕು, ಅಲ್ಲವೇ? ಚೆನ್ನಾಗಿದೆ ಲೆಕ್ಕ.

ನಾಳೆ ನೋಡೋಣ.

ಜುಲೈ ೧೨, ಶುಕ್ರವಾರ

ಸಿಕ್ಕಿಬಿದ್ದರು.

ಗುಲಾಬಿ ಬಣ್ಣದ ಸೀಮೆಸುಣ್ಣದಲ್ಲಿ ಗಾಳಿಪಟದ ಬಿಂದುಗಳನ್ನು ಇಟ್ಟೆ. "ಆಫೀಸಿಗೆ ಹೋಗಿ ಬರ್ತೀನಿ, ಕಾಪಿ ಮಾಡ್ಕೊಳ್ಳಿ" ಎಂದು ಹೊರಗೆ ಬಂದು ಬಾಗಿಲ ಮರೆಯಲ್ಲಿ ನಿಂತೆ. ಈ ವಯಸ್ಸಿನಲ್ಲಿ ಬಾಗಿಲ ಮರೆ! ಮೆಟ್ಟಿಲು ಗುಡಿಸುತ್ತಿದ್ದ ಆಯಾ ನನ್ನನ್ನೇ ನೋಡುತ್ತಿದ್ದಳು. ನೋಡಲಿ.

ಒಳಗೆ "ಬೇಗ ಬೇಗ" ಎಂಬ ದನಿಗಳು. ಗುಬ್ಬಿ ಬೆಂಚು ಹಾರಿ ಬಂದು ಅಂಗೈಯಲ್ಲಿ ಒರೆಸಿದಳು. "ಎರಡನೇದೂ ತಪ್ಪಿದೆ ಕಣೇ, ಅದನ್ನೂ ಮಾಡು" ಎಂದು ಇನ್ನೊಬ್ಬಳು. ಹಿಂದಿನ ಬೆಂಚಿನಲ್ಲಿ ಉದ್ದ ಮಿಸ್ ಕೈಕಟ್ಟಿ ಕೂತಿದ್ದಾಳೆ. ಬೇಡ ಎನ್ನಲಿಲ್ಲ.

ನಾನು ಒಳಗೆ ಕಾಲಿಟ್ಟೆ. ಗುಬ್ಬಿಯ ಅಂಗೈ ಗುಲಾಬಿಯಾಗಿತ್ತು.

"ಏನೇ ಇದು?"

"ಸರಿ ಮಾಡ್ತಿದ್ದೆ ಮಿಸ್."

"ಯಾರು ಹೇಳಿಕೊಟ್ಟದ್ದು?"

"ಯಾರೂ ಇಲ್ಲ ಮಿಸ್. ನಾವೇ."

ಮುಖ ನೋಡಿ ನಿಜ ಹಿಡಿಯೋಣವೆಂದರೆ ಮುಖವೇ ಸಿಗಲಿಲ್ಲ. ಈಚೆಗೆ ಯಾರೂ ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದಿಲ್ಲ. ಹೆಡ್ ಮೇಷ್ಟ್ರೂ ಅಷ್ಟೆ. ಎದುರಿಗೇ ನಿಂತಿರುತ್ತಾರೆ, ಕಿವಿ ಕಾಣುತ್ತದೆ, ಕಾಲರು ಕಾಣುತ್ತದೆ, ಕಣ್ಣನ್ನು ಮಾತ್ರ ಎಲ್ಲೋ ಬಚ್ಚಿಟ್ಟುಕೊಂಡಿರುತ್ತಾರೆ.

ಗುಬ್ಬಿಯನ್ನು ಕೊನೆಯ ಬೆಂಚಿಗೆ ಕಳಿಸಿದೆ. ಇನ್ನು ಮೇಲೆ ಬೋರ್ಡ್ ಮುಟ್ಟುವಂತಿಲ್ಲ ಎಂದೆ. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ಕ್ಲಾಸು ಪೂರ್ತಿ ಸುಮ್ಮನಾಯಿತು. ನನಗೆ ಬೇಕಾಗಿದ್ದೂ ಅದೇ.

ಜುಲೈ ೧೭, ಬುಧವಾರ

ಸೋಮವಾರ ಪರೀಕ್ಷೆ ಕೊಟ್ಟೆ. ಮೂರು ಆಕಾರ, ಬಿಂದುಗಳೆಲ್ಲ ನಾನೇ ಕೊಟ್ಟದ್ದು. ಹಾಳೆ ತಿದ್ದುತ್ತ ಕೂತರೆ ಒಂದೂ ನೆಟ್ಟಗಿಲ್ಲ. ಈ ಸಲ ಗ್ರಾಫ್ ಹಾಳೆ ತರಿಸಿದ ಅಂಗಡಿಯವನೂ ಮೋಸ ಮಾಡಿದ್ದಾನೆ, ಚೌಕುಳಿಗಳು ಒಂದರ ಮೇಲೊಂದು ಹತ್ತಿವೆ. ಈ ದಿನಚರಿಯ ಗೆರೆಗಳೂ ಅದೇ ಕಥೆ, ಬರೆದದ್ದು ಮೇಲಕ್ಕೂ ಕೆಳಕ್ಕೂ ಓಡುತ್ತದೆ. ಈಗ ಯಾರಿಗೂ ಕಾಗದಕ್ಕೆ ನೆಟ್ಟಗೆ ಗೆರೆ ಹಾಕಲು ಬರುವುದಿಲ್ಲವೇ?

ನಿನ್ನೆ ಹಾಳೆ ಹಂಚಿದ್ದೆ, ಇವತ್ತು ಗುಬ್ಬಿಯ ತಾಯಿ ಅದನ್ನು ಹಿಡಿದುಕೊಂಡು ಹೆಡ್ ಮೇಷ್ಟ್ರ ಜೊತೆ ಸ್ಟಾಫ್ ರೂಮಿಗೆ ಬಂದಳು. ಬೇಕರಿಯಲ್ಲಿ ಕೆಲಸ ಮಾಡುವವಳು, ಏಪ್ರನ್ ಕೂಡ ಬಿಚ್ಚದೆ ಬಂದಿದ್ದಾಳೆ.

"ಮೇಡಂ, ನನ್ನ ಮಗಳಿಗೆ ಸೊನ್ನೆ ಬರಬಾರದು ಅಂತ ನಾನು ಹೇಳ್ತಿಲ್ಲ. ತಪ್ಪು ಎಲ್ಲಿದೆ ಅಂತ ತೋರಿಸಿ ಸಾಕು. ಮನೇಲಿ ಕೂತ್ಕೊಂಡು ಅದನ್ನೇ ನೋಡ್ತಿದ್ದಾಳೆ, ಊಟ ಮಾಡ್ತಿಲ್ಲ."

ತೋರಿಸಿದೆ. "ಇಲ್ಲಿ ಏಳಕ್ಕೆ ಬರಬೇಕಾದ್ದು ಎಂಟಕ್ಕೆ ಹೋಗಿದೆ."

ಅವಳು ಬೆರಳಿಟ್ಟು ಎಣಿಸಿದಳು. ಏಳು. ಮತ್ತೆ ಎಣಿಸಿದಳು. ಏಳು. ಹೆಡ್ ಮೇಷ್ಟ್ರು ಹಾಳೆ ತೆಗೆದುಕೊಂಡು ಎಣಿಸಿದರು. ಅದನ್ನು ಉದ್ದ ಮಿಸ್ ಕೈಗೆ ಕೊಟ್ಟು, "ಉಳಿದ ಹಾಳೇನೂ ಒಂದು ಸಲ ನೋಡಮ್ಮ" ಎಂದರು. ನನ್ನೆದುರಿಗೇ!

ಸಂಜೆಯೊಳಗೆ ಅರ್ಧಕ್ಕರ್ಧ ಮಕ್ಕಳ ಅಂಕ ಬದಲಾಯಿತು. ನಾನು ಹಾಕಿದ ತಪ್ಪು ಗುರುತಿನ ಪಕ್ಕದಲ್ಲಿ ಅವಳ ಸರಿ ಗುರುತು. ಈಗಂತೂ ಯಾರೂ ನನಗೆ ಅನುಮಾನದ ಕಾಯಿಲೆ ಎನ್ನುವಂತಿಲ್ಲ. ಕುರ್ಚಿಯ ಒಂದು ಕಾಲು ಆಗಲೇ ಅವಳ ಕೈಗೆ ಹೋಗಿದೆ.

ಊಟ ಮಾಡ್ತಿಲ್ಲ ಅಂದಳಲ್ಲ ಆ ತಾಯಿ. ಮಕ್ಕಳು ಎರಡು ದಿನದಲ್ಲಿ ಮರೆಯುತ್ತಾರೆ. ಮರೆಯಬೇಕು.

ಜುಲೈ ೨೦, ಶನಿವಾರ

ಇವತ್ತು ಕಂಡದ್ದನ್ನು ಇದ್ದದ್ದಿದ್ದ ಹಾಗೆ ಬರೆದಿಡುತ್ತೇನೆ.

ಮಾರುಕಟ್ಟೆಯಿಂದ ಬರುವಾಗ ರಸ್ತೆಯ ಆ ಬದಿಯ ಚಹಾ ಅಂಗಡಿ ಮುಂದೆ ಇವರು ನಿಂತಿದ್ದರು. ನೀಲಿ ಚೌಕುಳಿ ಅಂಗಿ, ನಾನೇ ಇಸ್ತ್ರಿ ಮಾಡಿಕೊಟ್ಟದ್ದು. ಎದುರಿಗೆ ಒಬ್ಬಳು. ಮುಖ ಕಾಣಲಿಲ್ಲ, ಆದರೆ ಆ ಎತ್ತರ ಈ ಊರಲ್ಲಿ ಇನ್ನಾರಿಗಿದೆ? ಅವಳು ಕೈಯಾಡಿಸಿ ಏನೋ ಹೇಳುತ್ತಿದ್ದಳು. ಇವರು ತಲೆ ತಗ್ಗಿಸಿ ಕೇಳುತ್ತಿದ್ದರು. ನನ್ನ ಮಾತನ್ನು ಒಂದು ದಿನ ಹಾಗೆ ಕೇಳಿದವರಲ್ಲ.

ಆ ಬಗೆಯ ಅನುಮಾನ ನನಗಿಲ್ಲ. ಇವರಲ್ಲಿ ಇನ್ನೊಬ್ಬಳು ಕಾಣುವಂಥದ್ದು ಏನಿದೆ ಎಂದರೆ, ಕಟ್ಟಿಕೊಂಡ ನನಗೇ ಇನ್ನೂ ಉತ್ತರ ಸಿಕ್ಕಿಲ್ಲ. ಇದು ಬೇರೆ. ಶಾಲೆ ಸಾಲದೆಂದು ಮನೆಯನ್ನೂ ಒಳಗೆ ಹಾಕಿಕೊಳ್ಳುತ್ತಿದ್ದಾಳೆ.

ಬಂದ ಮೇಲೆ ಕೇಳಿದೆ. "ಎಲ್ಲಿದ್ರಿ?"

"ಆಫೀಸಿಂದ ಸೀದಾ ಬಂದೆ."

ಮದುವೆಯಾದಾಗಿನಿಂದ ಇವರು ನನಗೆ ಹೇಳಿರುವ ಸುಳ್ಳು ಒಂದೇ, ಅಡುಗೆ ಚೆನ್ನಾಗಿದೆ ಅನ್ನುವುದು. ಇವತ್ತು ಇನ್ನೊಂದು ಸೇರಿತು.

ಸ್ವಲ್ಪ ಹೊತ್ತು ಬಿಟ್ಟು ಇವರೇ ಶುರು ಮಾಡಿದರು. "ಬುಧವಾರ ರಜೆ ಹಾಕು. ಒಂದು ಕಡೆ ಹೋಗಿ ಬರೋಣ."

"ಎಲ್ಲಿಗೆ?"

"ಹೋದಾಗ ಗೊತ್ತಾಗುತ್ತೆ ಬಿಡು."

"ನಾನು ರಜೆ ಹಾಕಿದರೆ ನನ್ನ ಕ್ಲಾಸು ಯಾರು ತಗೋತಾರೆ ಅಂತ ನಿಮಗೆ ಗೊತ್ತಿದೆ, ಅಲ್ವಾ?"

ಇವರು ಪೇಪರ್ ಎತ್ತಿಕೊಂಡರು. ಪೇಪರು ತಲೆಕೆಳಗಾಗಿತ್ತು. ದೊಡ್ಡ ಅಕ್ಷರಗಳಾದ್ದರಿಂದ ಅದು ನನಗೂ ಕಂಡಿತು.

ಜುಲೈ ೨೨, ಸೋಮವಾರ

ಸ್ಟಾಫ್ ರೂಮಿನಲ್ಲಿ ಅವಳನ್ನು ನಿಲ್ಲಿಸಿಕೊಂಡೆ. "ನನ್ನ ಯಜಮಾನರ ಹತ್ರ ನಿಮಗೇನು ಕೆಲಸ?"

ಮುಚ್ಚಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು.

"ಬೈಬೇಡಿ ಮೇಡಂ, ಒಂದು ಮಾತು ಕೇಳ್ಲಾ? ಬೋರ್ಡಿನ ಗೆರೆ ನಿಮಗೆ ಹೇಗೆ ಕಾಣುತ್ತೆ?"

"ಬಗ್ಗಿ ಕಾಣುತ್ತೆ. ಬಗ್ಗಿದೆ, ಅದಕ್ಕೆ."

"ನಮಗ್ಯಾರಿಗೂ ಹಾಗೆ ಕಾಣಲ್ಲ ಮೇಡಂ. ಮಕ್ಕಳಿಗೂ ಕಾಣಲ್ಲ."

"ನೀವೆಲ್ಲ ಒಂದಾಗಿದ್ದೀರಲ್ಲ, ಹೇಗೆ ಕಾಣುತ್ತೆ?"

"ಒಂದು ಸಲ ಕಣ್ಣಿನ ಡಾಕ್ಟರ..."

ಮುಂದಕ್ಕೆ ಕೇಳಲಿಲ್ಲ. ಕುರುಡಿ ಅನ್ನಿಸಿದರೆ ಕೆಲಸ ಸುಲಭ, ಒಳ್ಳೆಯ ಉಪಾಯ! ಸೀದಾ ಹೆಡ್ ಮೇಷ್ಟ್ರ ಕೋಣೆಗೆ ಹೋಗಿ ಹೇಳಿದೆ: ಅವಳಿದ್ದರೆ ನಾನಿರುವುದಿಲ್ಲ. ಅವರು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ, "ಸ್ವಲ್ಪ ವಿಶ್ರಾಂತಿ ತಗೊಳ್ಳಿ ಮೇಡಂ" ಎಂದರು. ವಿಶ್ರಾಂತಿ! ಆ ಪದಕ್ಕೆ ಶಾಲೆಗಳಲ್ಲಿ ಏನರ್ಥ ಎಂದು ನನಗೆ ಗೊತ್ತಿಲ್ಲವೇ?

"ನಾಳೆ ನನ್ನ ಕ್ಲಾಸಿಗೆ ಬನ್ನಿ ಸರ್. ಅವಳನ್ನೂ ಕರೆದುಕೊಂಡು ಬನ್ನಿ. ಗೆರೆ ಬಗ್ಗಿದೆಯೋ ಇಲ್ಲವೋ, ಎಲ್ಲರ ಮುಂದೆ ತೀರ್ಮಾನ ಆಗಲಿ."

ಜುಲೈ ೨೩, ಮಂಗಳವಾರ

ಇಬ್ಬರೂ ಬಂದು ಗೋಡೆಗೆ ಒರಗಿ ನಿಂತರು. ನಾನು ಮಕ್ಕಳಿಗೆ ಹೇಳಿದೆ: ಒಬ್ಬೊಬ್ಬರೇ ಬಂದು ಐದನೇ ಗೆರೆಯ ಮೇಲೆ ಒಂದೊಂದು ಬಿಂದು ಇಡಿ. ಒಂದು ನಡಿ, ಐದು ಹತ್ತು. ಎರಡು ನಡಿ, ಐದು ಹತ್ತು. ಹೀಗೆ ಕೊನೆಯವರೆಗೆ. ಎಲ್ಲ ಬಿಂದುಗಳ ಮೇಲೂ ನನ್ನ ಮರದ ಅಡಿಪಟ್ಟಿ ಇಟ್ಟರೆ ನಡುವಿನ ಬಿಂದುಗಳು ಕೆಳಗೆ ಉಳಿಯಬೇಕು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಮಕ್ಕಳು ಬಂದವು, ಬಿಂದು ಇಟ್ಟವು, ಹೋದವು. ಗುಬ್ಬಿ ಎದ್ದು ನಿಂತು ಕೂತಳು. ಅವಳಿಗೆ ಬೋರ್ಡ್ ಮುಟ್ಟುವಂತಿಲ್ಲವಲ್ಲ.

ಅಡಿಪಟ್ಟಿ ಇಟ್ಟೆ. ಅದೂ ಬಗ್ಗಿತ್ತು.

ತೇಗದ ಪಟ್ಟಿ ಅದು. ನಾನು ಕೆಲಸಕ್ಕೆ ಸೇರಿದಾಗಿನಿಂದ ನನ್ನ ಕೈಯಲ್ಲೇ ಇದೆ. ಪಟ್ಟಿಯನ್ನು ತಿರುಗಿಸಿ ಇಟ್ಟೆ. ಬಗ್ಗಿದ ಭಾಗ ಮೇಲಕ್ಕೆ ಹೋಗಬೇಕಿತ್ತು, ಹೋಗಲಿಲ್ಲ, ಅಲ್ಲೇ ಇತ್ತು. ಪಟ್ಟಿಯನ್ನು ಎಡಕ್ಕೆ ಜರುಗಿಸಿದೆ. ಬಾಗು ಜರುಗಲಿಲ್ಲ. ಆಮೇಲೆ ದೃಷ್ಟಿಯನ್ನು ಎಡಕ್ಕೆ ಸರಿಸಿದೆ. ಬಾಗು ನನ್ನ ಜೊತೆಗೇ ಬಂತು. ಬಲಕ್ಕೆ ನೋಡಿದೆ, ಬಲಕ್ಕೆ ಬಂತು. ಪಟ್ಟಿಯ ಗುಣವಾಗಿದ್ದರೆ ಅದು ಪಟ್ಟಿಯ ಮೇಲಿರಬೇಕು. ಬೋರ್ಡಿನ ಗುಣವಾಗಿದ್ದರೆ ಬೋರ್ಡಿನ ಮೇಲೆ. ನಾನು ನೋಡಿದಲ್ಲೆಲ್ಲ ಬರುವುದು ಯಾರ ಗುಣ?

ಕನ್ನಡಕ ಸರಿಮಾಡಿಕೊಳ್ಳುವವಳ ಹಾಗೆ ಬಲಗಣ್ಣಿಗೆ ಕೈ ಅಡ್ಡ ಹಿಡಿದೆ. ಕೆಲಸಕ್ಕೆ ಬಾರದ ಎಡಗಣ್ಣಿನಲ್ಲಿ ಎಲ್ಲ ಮಂಜಾಗಿತ್ತು. ಆ ಮಂಜಿನಲ್ಲಿ ಐದನೇ ಗೆರೆ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಹೋಗಿತ್ತು.

"ಏನಾಯ್ತು ಮೇಡಂ?" ಎಂದರು ಹೆಡ್ ಮೇಷ್ಟ್ರು.

"ಏನಿಲ್ಲ ಸರ್. ಪಾಠ ಮುಂದುವರಿಸ್ತೀನಿ."

ಏನು ಪಾಠ ಮಾಡಿದೆನೋ ನೆನಪಿಲ್ಲ. ಮನೆಗೆ ಬಂದು ಇವರಿಗೆ ಹೇಳಿದೆ: "ನಾಳೆ ಎಲ್ಲಿಗೋ ಹೋಗೋಣ ಅಂದಿದ್ರಲ್ಲ. ಹೋಗೋಣ."

ಜುಲೈ ೨೪, ಬುಧವಾರ

ಡಾಕ್ಟರೂ ಎಳೆಯ ಹೆಂಗಸೇ. ಈಗ ಎಲ್ಲೆಲ್ಲೂ ಇವರೇ. ಕಣ್ಣಿಗೆ ಹನಿ ಹಾಕುವ ಮೊದಲು ಕೈಗೆ ಒಂದು ಚೀಟಿ ಕೊಟ್ಟಳು. ನೋಡಿದರೆ ಚೌಕುಳಿ! ಅಂಗೈಯಗಲದ ಚೌಕುಳಿ, ನಡುವೆ ಒಂದು ಚುಕ್ಕೆ.

"ಒಂದೊಂದೇ ಕಣ್ಣು ಮುಚ್ಚಿಕೊಂಡು ನಡುವಿನ ಚುಕ್ಕೆ ನೋಡ್ತಾ ಇರಿ ಅಮ್ಮ. ಗೆರೆಗಳು ಎಲ್ಲಾದರೂ ಡೊಂಕು ಕಾಣ್ತಾವಾ?"

"ಈ ಚುಕ್ಕೆ ಮೂಲಬಿಂದು ಅಂತ ಇಟ್ಕೊಳ್ಳಲಾ?"

"ಅಂದ್ರೆ?"

"ಬಲಕ್ಕೆ ಒಂದು, ಮೇಲಕ್ಕೆ ಒಂದು, ಅಲ್ಲಿಂದ ಶುರು. ಬಲಕ್ಕೆ ನಾಲ್ಕು, ಕೆಳಕ್ಕೆ ಎರಡರ ತನಕ ಡೊಂಕು. ಚುಕ್ಕೆ ಇರಬೇಕಾದಲ್ಲಿ ಮಸಿ ಅಂಟಿದ ಹಾಗಿದೆ, ಚುಕ್ಕೆ ಕಾಣ್ತಿಲ್ಲ."

ಅವಳು ನಕ್ಕು, "ಇಷ್ಟು ಚೆನ್ನಾಗಿ ಯಾರೂ ಹೇಳಿಲ್ಲ ಅಮ್ಮ" ಎಂದಳು. ನಂತರ ಯಂತ್ರದಲ್ಲಿ ನೋಡಿದಳು, ಚಿತ್ರ ತೆಗೆದಳು. ಆಮೇಲೆ ನಗಲಿಲ್ಲ. ಕಣ್ಣಿನ ಹಿಂದಿನ ಪರದೆಯಲ್ಲಿ ಬೇಡದ ರಕ್ತನಾಳ ಬೆಳೆದು ಸೋರುತ್ತಿದೆಯಂತೆ. ದಪ್ಪ ಕನ್ನಡಕದವರಿಗೆ ಕೆಲವೊಮ್ಮೆ ಹೀಗಾಗುತ್ತದಂತೆ. ಕಣ್ಣಿನೊಳಕ್ಕೇ ಇಂಜೆಕ್ಷನ್ ಕೊಡಬೇಕು, ಒಂದಕ್ಕಿಂತ ಹೆಚ್ಚು ಬೇಕಾಗಬಹುದು. ತಡ ಮಾಡಿದರೆ ಹೋದ ದೃಷ್ಟಿ ತಿರುಗಿ ಬರುವುದಿಲ್ಲವಂತೆ.

ಹೊರಗೆ ಬಂದು ಮೆಟ್ಟಿಲ ಮೇಲೆ ಇವರಿಗೆ ಹೇಳಿದೆ, ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ, ಇವಳು ಇಂಜೆಕ್ಷನ್ ಮಾರುವವಳ ಹಾಗೆ ಮಾತಾಡಿದಳು ಎಂದು.

ಇವರು ನಿಂತುಬಿಟ್ಟರು. ಇವರ ಗಟ್ಟಿ ದನಿಯನ್ನು ನಾನು ಕೇಳಿದ್ದು ಇದೇ ಮೊದಲು.

"ನನ್ನ ಮೇಲೆ ಅನುಮಾನ ಪಡು, ತಡ್ಕೋತೀನಿ. ಲೋಟ ಸರಿಸಿದೆ ಅನ್ನು, ಮೀಸೆ ಡೊಂಕು ಅನ್ನು. ಕಣ್ಣು ತಡ್ಕೊಳಲ್ಲ ಕಣೇ! ಆ ಹುಡುಗಿ ಆಫೀಸಿಗೆ ಬಂದು, 'ಮೇಡಂ ಚಾಕ್‌ಪೀಸ್ ತಗೊಳ್ಳೋಕೆ ಕೈ ಹಾಕ್ತಾರೆ, ಪಕ್ಕಕ್ಕೆ ಹೋಗುತ್ತೆ' ಅಂದ್ಲು. ನಾನು ಅವಳನ್ನೇ ಗದರಿಸಿ ಕಳಿಸಿದೆ. ಮತ್ತೆ ಬಂದ್ಲು. ಒಂದೇ ಮನೇಲಿದ್ದು ನನಗೆ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯ್ತು."

ಮೆಟ್ಟಿಲು ಹತ್ತುತ್ತಿದ್ದವರು ನಿಂತು ನೋಡಿದರು. ಇವರು ಕಣ್ಣೊರೆಸಿಕೊಂಡರೋ, ಮೂಗೊರೆಸಿಕೊಂಡರೋ ತಿಳಿಯಲಿಲ್ಲ. ಕೈ ಮಾತ್ರ ಮುಖದ ಹತ್ತಿರ ಹೋಯಿತು.

ವಾಪಸು ಒಳಗೆ ಹೋಗಿ ಶುಕ್ರವಾರಕ್ಕೆ ಒಪ್ಪಿಕೊಂಡು ಬಂದೆವು.

ಜುಲೈ ೨೬, ಶುಕ್ರವಾರ

ಆಯಿತು. ಹೆದರಿದಷ್ಟು ನೋವಿಲ್ಲ, ಒತ್ತಿದ ಹಾಗಾಯಿತು ಅಷ್ಟೆ. ಇವರು ನನ್ನ ಕೈ ಹಿಡಿದುಕೊಂಡು ಹೊರಗೆ ಕರೆತಂದರು. ಬಿಡಿಸಿಕೊಳ್ಳಲಿಲ್ಲ. ರಸ್ತೆ ದಾಟಬೇಕಿತ್ತು.

ಆಗಸ್ಟ್ ೧, ಗುರುವಾರ

ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ, ಗೆರೆ ಲೆಕ್ಕಕ್ಕಿಲ್ಲ. ತಲೆಗೆ ನೀರು ಹಾಕಿಕೊಳ್ಳಬಾರದು, ಓದಬಾರದು ಎಂದು ಇವರ ಕಟ್ಟಪ್ಪಣೆ. ಡಾಕ್ಟರು ಅಷ್ಟೆಲ್ಲ ಹೇಳಿರಲಿಲ್ಲ, ಇವರು ಸೇರಿಸಿದ್ದಾರೆ.

ಮನೆಯಲ್ಲಿ ಸುಮ್ಮನೆ ಕೂತರೆ ಮುಖಗಳು ನೆನಪಾಗುತ್ತವೆ. ಗುಲಾಬಿ ಅಂಗೈ ಹಿಂದಕ್ಕೆ ಮುಚ್ಚಿಟ್ಟುಕೊಂಡದ್ದು. ಏಪ್ರನ್ ತೊಟ್ಟ ಆ ತಾಯಿ ಬೆರಳಿಟ್ಟು ಎಣಿಸಿದ್ದು. ಬೇಡ.

ಆಗಸ್ಟ್ ೧೨, ಸೋಮವಾರ

ಉದ್ದ ಮಿಸ್ ಬಂದಿದ್ದಳು. ಇವರು ಬಾಗಿಲು ತೆರೆದು, "ತಲೆ, ತಲೆ" ಎಂದು ಎಚ್ಚರಿಸಿದರು.

ಒಂದಿಷ್ಟು ಹೊತ್ತು ಮಳೆ ಬಿಸಿಲಿನ ಮಾತಾಡಿದೆವು. ಕೊನೆಗೆ ನಾನೇ ಕೇಳಿದೆ. "ಅವತ್ತು ಗುಬ್ಬಿ ಬೋರ್ಡ್ ಒರೆಸುವಾಗ ಯಾಕೆ ತಡೀಲಿಲ್ಲ ನೀನು?" ನೀನು ಎಂದದ್ದು ಬಾಯಿಗೆ ಬಂದ ಮೇಲೆ ಗೊತ್ತಾಯಿತು.

"ತಡೆದ್ರೆ ನಿಮ್ಮ ಬೋರ್ಡು ತಪ್ಪಾಗೇ ಉಳೀತಿತ್ತು ಮೇಡಂ. ಪಕ್ಕದ ಕ್ಲಾಸಿನವರು ನೋಡಿ ನಗಬಾರದು ಅಂತ ಅವರೇ ಮಾತಾಡ್ಕೊಂಡಿದ್ರು. ಹೊರಗಡೆ ಯಾರಿಗೂ ಹೇಳಬಾರದು ಅಂತ ಆಣೆ ಕೂಡ ಹಾಕ್ಕೊಂಡಿದ್ರು. ಗುಬ್ಬಿ ಲೀಡರ್."

"ನನಗೇ ಹೇಳಬಹುದಿತ್ತಲ್ಲ."

"ಹೇಳಿದ್ಳಲ್ಲ ಮೇಡಂ. ಮನೆ ವಾಲಿದೆ ಅಂತ."

ಇವರು ಚಹಾ ತಂದಿಟ್ಟರು, ನನ್ನ ಲೋಟವನ್ನು ನನ್ನ ಬೆರಳಿಗೆ ತಾಗಿಸಿ ಇಟ್ಟರು.

ಹೊರಡುವಾಗ ಕೇಳಿದೆ. "ನನ್ನ ಕೆಲಸ ನಿನಗೆ ಕೊಡ್ತಾರಂತಾ?"

"ಕೇಳಿದ್ರು ಮೇಡಂ" ಎಂದಳು. ಸುಳ್ಳು ಹೇಳಲಿಲ್ಲ. ನೋಡಿದೆಯಾ, ನನ್ನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ!

"ನೀನೇನಂದೆ?"

"ಬೋರ್ಡಿನ ಕೆಲಸ, ಹಾಳೆ ತಿದ್ದೋದು ನಾನು ಮಾಡ್ತೀನಿ, ಪಾಠ ಅವರೇ ಮಾಡಲಿ ಅಂದೆ. ಮಕ್ಕಳಿಗೆ ನಾನು ಹೇಳಿದ್ದು ಅರ್ಥ ಆಗ್ತಿಲ್ಲ ಮೇಡಂ, ನಿಜವಾಗ್ಲೂ. ಅಡ್ಡ ಉದ್ದ ಮತ್ತೆ ತಿರುವುಮುರುವು ಮಾಡ್ತಿದ್ದಾವೆ."

ಉದ್ದ ಮಿಸ್ ತಲೆ ತಗ್ಗಿಸಿ ಬಾಗಿಲು ದಾಟಿ ಹೋದರು.

ಆಗಸ್ಟ್ ೨೬, ಸೋಮವಾರ

ನಿನ್ನೆ ಮೊನ್ನೆಯಿಂದ ಡಾಕ್ಟರ ಚೀಟಿಯ ಚುಕ್ಕೆ ಮಸುಕಾಗಿಯಾದರೂ ಕಾಣುತ್ತಿದೆ. ಡೊಂಕು ಕಡಿಮೆಯಾಗಿದೆ, ಹೋಗಿಲ್ಲ. ಎರಡನೇ ಇಂಜೆಕ್ಷನ್ ಆಗಲೇ ಆಗಿದೆ. ಸ್ವಲ್ಪ ಡೊಂಕು ಹೀಗೇ ಉಳಿಯಬಹುದು ಎಂದು ಡಾಕ್ಟರು ಹೇಳಿದ್ದಾರೆ. ಹಾಳೆ ತಿದ್ದುವುದು ಇನ್ನು ನನ್ನ ಕೈಯಲ್ಲಾಗದು. ಇವತ್ತು ಮತ್ತೆ ಶಾಲೆಗೆ ಹೋಗಿ, ಕೆಂಪು ಪೆನ್ನನ್ನು ಸ್ಟಾಫ್ ರೂಮಿನಲ್ಲಿ ಉದ್ದ ಮಿಸ್ ಅವರ ಮೇಜಿನ ಮೇಲಿಟ್ಟೆ. ಮುಚ್ಚಳ ಸಡಿಲವಾಗಿದೆ, ಸೋರುತ್ತದೆ ಎಂದೂ ಹೇಳಿದೆ.

ಕ್ಲಾಸಿಗೆ ಹೋದ ತಕ್ಷಣ ಗುಬ್ಬಿಯನ್ನು ಎಬ್ಬಿಸಿದೆ. ಏನು ಹೇಳಬೇಕೆಂದು ಮನೆಯಲ್ಲಿ ತಯಾರಿ ಮಾಡಿಕೊಂಡಿದ್ದೆ, ಎಲ್ಲ ಮರೆತಿತ್ತು.

"ತಪ್ಪು ನಿಂದಲ್ಲ. ನಂದು. ನನಗೆ ಕಾಣ್ತಿರಲಿಲ್ಲ."

"ಗೊತ್ತು ಮಿಸ್" ಎಂದಳು.

"ಮುಂದಿನ ಬೆಂಚಿಗೆ ಬಾ."

"ಇಲ್ಲೇ ಇರ್ತೀನಿ ಮಿಸ್. ಇಲ್ಲಿ ಕಿಟಕಿ ಇದೆ."

ಈಗಿನ ಮಕ್ಕಳಿಗೆ ಕ್ಷಮೆ ಕೇಳಿದರೂ ಚೌಕಾಸಿ. "ಬೋರ್ಡ್ ಮುಟ್ಟಬಹುದು ಹಾಗಾದ್ರೆ" ಎಂದೆ. ಅದಕ್ಕೆ ಓಡಿ ಬಂದಳು.

ಆಗಸ್ಟ್ ೨೮, ಬುಧವಾರ

ಹೊಸ ಏರ್ಪಾಡು ನನಗೆ ಒಗ್ಗಿಲ್ಲ. ಕುರ್ಚಿಯಲ್ಲಿ ಕೂತು ಬಾಯಲ್ಲಿ ಪಾಠ ಹೇಳುವುದೆಂದರೆ ರೇಡಿಯೋ ಆದ ಹಾಗಿದೆ. ಕೂತು ಕೂತು ಸೊಂಟ ಹಿಡಿದಿದೆ. ಪೇಂಟರ್ ಹಳದಿಯ ಬದಲು ಬಿಳಿ ಬಳಿಯಬಹುದಿತ್ತು, ಸ್ವಲ್ಪ ಚೆನ್ನಾಗಿ ಕಾಣುತ್ತಿತ್ತು, ಹೆಡ್ ಮೇಷ್ಟ್ರಿಗೆ ಹೇಳಬೇಕು.

ಇವತ್ತು ದೋಣಿ. ಉದ್ದ ಮಿಸ್ ಬೆಂಚುಗಳ ನಡುವೆ ಓಡಾಡಿಕೊಂಡು ಹಾಳೆಗಳನ್ನು ನೋಡುತ್ತಿದ್ದರು. ನಾನು ಬಿಂದು ಹೇಳುತ್ತ ಹೋದೆ, ಗುಬ್ಬಿ ಬೋರ್ಡಿನ ಮೇಲೆ ಇಡುತ್ತ ಹೋದಳು. (೨, ೩). (೪, ೧). (೮, ೧). (೧೦, ೩). ಅಲ್ಲಿಂದ ತಿರುಗಿ ಶುರುವಾದಲ್ಲಿಗೆ. ಸೀಮೆಸುಣ್ಣ ಕರಕರ ಎಂದದ್ದು ಕೇಳಿಸಿತು. ನನ್ನ ಕುರ್ಚಿಯಿಂದ ದೋಣಿಯ ಎರಡು ತುದಿ ಕಾಣುತ್ತಿತ್ತು, ನಡುವಿನದು ಕಲಸಿಹೋಗಿತ್ತು.

"ಕೂಡಿತಾ?" ಎಂದೆ.

"ಕೂಡಿತು ಮಿಸ್."

"ಸರಿ, ಈಗ ಹಾಯಿ ಕಟ್ಟೋಣ" ಎಂದು ಮುಂದಿನ ಬಿಂದು ಹೇಳಿದೆ.